ರಂಗರಕ್ಷೆ: ನಾಟಕ ಮಂಡಲಿಗಳೂ ವಿಮೆಯೂ

ಭರತಮುನಿಯ ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ಒಂದು ಕಥೆಯುಂಟು. ಇಂದ್ರಧ್ವಜೋತ್ಸವದಲ್ಲಿ ನಡೆದ ಮೊತ್ತಮೊದಲ ಪ್ರಯೋಗವನ್ನು ವಿಘ್ನರು ಕೆಡಿಸಿದರು. ನಟರ ಮಾತು, ಚೇಷ್ಟೆ, ಸ್ಮೃತಿಗಳು ಸ್ತಂಭಿಸಿದವು. ಆಗ ಬ್ರಹ್ಮನು ವಿಶ್ವಕರ್ಮನಿಂದ ನಾಟ್ಯಗೃಹವನ್ನು ಕಟ್ಟಿಸಿ ಅದರ ಒಂದೊಂದು ಅಂಗಕ್ಕೆ ಒಬ್ಬೊಬ್ಬ ದೇವತೆಯನ್ನು ಕಾವಲಿಗೆ ನಿಲ್ಲಿಸಿದನು. ನೇಪಥ್ಯಕ್ಕೆ ಮಿತ್ರನೂ, ವೇದಿಕೆಗೆ ಅಗ್ನಿಯೂ, ವಾದ್ಯಗಳಿಗೆ ಮೇಘಗಳೂ ರಕ್ಷಕರಾದರು. ಕಟ್ಟಡ ಸಾಮಗ್ರಿಗಳಿಗೆ ಮಾತ್ರವೇ ಈ ರಕ್ಷೆ ನಿಲ್ಲಲಿಲ್ಲ. ನಾಯಕನನ್ನು ಇಂದ್ರನೂ, ನಾಯಿಕೆಯನ್ನು ಸರಸ್ವತಿಯೂ, ವಿದೂಷಕನನ್ನು ಓಂಕಾರವೂ, ಉಳಿದ ಸಣ್ಣ ಪಾತ್ರಗಳನ್ನೆಲ್ಲ ಹರನೂ ಕಾಪಾಡತಕ್ಕದ್ದೆಂದು ಗೊತ್ತುಮಾಡಲಾಯಿತು. ಈ ಪಟ್ಟಿಯನ್ನು ಮುಂದಿಟ್ಟುಕೊಂಡು ನಮ್ಮ ನಾಟಕ ಮಂಡಲಿಗಳ ಇತಿಹಾಸವನ್ನು ನೋಡಿದರೆ ಒಂದು ಕೊರತೆ ಎದ್ದುಕಾಣುವುದು. ಪರದೆಗೆ ರಕ್ಷೆಯನ್ನು ಯೋಚಿಸಿದವರುಂಟು. ಪಾತ್ರಧಾರಿಗೆ ಯೋಚಿಸಿದವರು ವಿರಳ.

ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿಯು 1882ರಲ್ಲಿ ತೆರೆಯಿತು. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು 1884ರಲ್ಲಿ ಹುಟ್ಟಿತು. ಈ ಎರಡು ಸಂಗತಿಗಳಿಗೂ ಸಂಬಂಧವಿದೆ. ಪೆಟಾರಿ, ಪರದೆ, ಹಾರ್ಮೋನಿಯಂಗಳನ್ನು ಹೊತ್ತು ಊರಿಂದೂರಿಗೆ ಸಂಚರಿಸುವ ಮಂಡಲಿಗಳಿಗೆ ರೈಲು ಬಲವಾದ ಆಸರೆಯಾಯಿತು. ಮದ್ದೂರು ಮಂಡ್ಯಗಳು ಆ ದಾರಿಯಲ್ಲಿಯೇ ಇದ್ದವು. ಮಳವಳ್ಳಿಯು ರೈಲಿನಿಂದ ದೂರವಾದುದರಿಂದ ಅಲ್ಲಿಗೆ ಸಾಮಾನು ಗಾಡಿಯ ಮೇಲೆಯೇ ಹೋಗಬೇಕು. ಮುಂದೆ ಕೃಷ್ಣರಾಜಸಾಗರದ ನಾಲೆ ಹರಿದು, 1933ರಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಗಿ, 1939ರಲ್ಲಿ ಮಂಡ್ಯವು ಜಿಲ್ಲಾಕೇಂದ್ರವಾದ ಮೇಲೆ ಈ ಸೀಮೆಯ ಜನರ ಕೈಯಲ್ಲಿ ಕಬ್ಬು ಬೆಲ್ಲಗಳ ಹಣ ಆಡತೊಡಗಿತು. ಹಣವಿದ್ದೆಡೆಗೆ ನಾಟಕವೂ ಬರುವುದು. ನಟರನ್ನು ನಾಡಿಗೆ ಕೊಟ್ಟ ಕೀರ್ತಿಯೂ ಈ ಸೀಮೆಗಿದೆ. ಗುಬ್ಬಿ ಕಂಪನಿಯ ರಂಗದಲ್ಲಿ ಹೆಸರು ಗಳಿಸಿದ ಸುಂದರಮ್ಮನವರ ಹೆಸರಿನ ಮುಂದೆ ಮಳವಳ್ಳಿಯೇ ನಿಂತಿದೆ.

ಮಂಡಲಿಯ ಆಸ್ತಿಯಾದರೂ ಏನು? ಚಿತ್ರಿಸಿದ ಪರದೆಗಳು, ಜರತಾರಿಯ ಉಡುಪುಗಳು, ಕಿರೀಟ ಭುಜಕೀರ್ತಿಗಳು, ವಾದ್ಯಗಳು, ಬಿದಿರು ತಗಡುಗಳ ತಾತ್ಕಾಲಿಕ ರಂಗಮಂದಿರ. ಎಲ್ಲವೂ ಒಂದೇ ಚಪ್ಪರದಡಿಯಲ್ಲಿ ಇರುವುವು. ಅದರೊಳಗೇ ಗ್ಯಾಸ್‌ಲೈಟುಗಳು ಉರಿಯುವುವು. ಒಂದು ಕಿಡಿ ಹಾರಿದರೆ ವರ್ಷಗಳ ಗಳಿಕೆ ಒಂದು ರಾತ್ರಿಯಲ್ಲಿ ಬೂದಿ. ಅಂಥ ಕಾಲಕ್ಕೆ ಮಾಲೀಕನಿಗೆ ಒದಗುತ್ತಿದ್ದುದು ಸಾಹುಕಾರನ ಸಾಲ, ಮನೆಯ ಒಡವೆ ಮತ್ತು ಸಹಾಯಾರ್ಥ ನಾಟಕ. ಊರ ಪ್ರಮುಖರು ಟಿಕೇಟುಗಳನ್ನು ಹಂಚಿ ಮಾರಿಸಿ ಒಂದು ರಾತ್ರಿಯ ಉತ್ಪನ್ನವನ್ನು ನೊಂದವರಿಗೆ ಕೊಡಿಸುವ ಈ ಪದ್ಧತಿಯೇ ನಮ್ಮ ರಂಗಭೂಮಿಯ ಮೊದಲ ವಿಮೆಯೆನ್ನಬಹುದು. ಒಬ್ಬನ ನಷ್ಟವನ್ನು ಹಲವರು ಹಂಚಿಕೊಳ್ಳುವುದೇ ವಿಮೆಯ ಮೂಲತತ್ತ್ವವಲ್ಲವೆ? ಆದರೆ ದಯೆಯನ್ನು ಬೇಡಬೇಕಾಗುವುದು. ವಿಮೆಯನ್ನು ಹಕ್ಕಿನಿಂದ ಕೇಳಬಹುದು. ಭೇದವಿರುವುದು ಇಲ್ಲಿಯೇ.

ಆ ಹಕ್ಕು ಆಗಿನ ಕಾಲಕ್ಕೆ ಅಪರಿಚಿತವಾದುದಲ್ಲ. ಲಂಡನ್ ನಗರವು 1666ರಲ್ಲಿ ಸುಟ್ಟ ಮೇಲೆ ಇಂಗ್ಲೆಂಡಿನಲ್ಲಿ ಅಗ್ನಿವಿಮೆ ಬೆಳೆಯಿತು. ಕಲ್ಕತ್ತೆಯಲ್ಲಿ 1850ರಲ್ಲಿ ಟ್ರೈಟನ್ ಕಂಪನಿಯೂ, ಮುಂಬಯಿಯಲ್ಲಿ 1907ರಲ್ಲಿ ಇಂಡಿಯನ್ ಮರ್ಕೆಂಟೈಲ್ ಕಂಪನಿಯೂ ಸ್ಥಾಪಿತವಾದವು. ಮೈಸೂರು ಸರ್ಕಾರವು ತನ್ನ ನೌಕರರಿಗೆ 1891ರಲ್ಲಿಯೇ ಜೀವವಿಮೆಯನ್ನು ಏರ್ಪಡಿಸಿತು. ಅಮಲ್ದಾರನಿಗೆ ದೊರೆತ ಈ ಭರವಸೆಯು ಅವನ ಮುಂದೆ ಹರಿಶ್ಚಂದ್ರನ ಪಾತ್ರವಾಡಿದವನಿಗೆ ದೊರೆಯಲಿಲ್ಲ. ಅವನಿಗೆ ಸರ್ಕಾರದ ಸಂಬಳವೂ ಇಲ್ಲ, ನೆಲೆಯಾದ ವಿಳಾಸವೂ ಇಲ್ಲ.

ವಿಳಾಸದ ಮಾತು ಅಲ್ಪವಾದುದಲ್ಲ. ಅಗ್ನಿವಿಮೆಯು ಸಾಮಾನ್ಯವಾಗಿ ಪಾಲಿಸಿಯಲ್ಲಿ ಹೆಸರಿಸಿದ ಸ್ಥಳದಲ್ಲಿರುವ ವಸ್ತುವಿಗೆ ಮಾತ್ರ ಅನ್ವಯಿಸುವುದು. ಮಂಡ್ಯದ ಕ್ಯಾಂಪಿನ ಹೆಸರಿನಲ್ಲಿ ಮಾಡಿಸಿದ ಪಾಲಿಸಿಯನ್ನು, ಮಂಡಲಿಯು ಮಳವಳ್ಳಿಗೆ ಹೋದಾಗ ತಿದ್ದಿಸದಿದ್ದರೆ, ಅಲ್ಲಿನ ಬೆಂಕಿಗೆ ಪರಿಹಾರವಿಲ್ಲ. ದಾರಿಯಲ್ಲಿ ಗಾಡಿ ಮಗುಚಿದರೆ ಅದು ಬೇರೆಯೇ ಬಗೆಯ ವಿಮೆ. ಇನ್ನೊಂದು ನಿಬಂಧನೆ ಮತ್ತೂ ಸೂಕ್ಷ್ಮವಾದುದು. 1,00,000 ರೂಪಾಯಿ ಬೆಲೆಯ ಸಾಮಗ್ರಿಯನ್ನು ಕಂತಿನ ಹಣ ಉಳಿಸುವ ಆಸೆಯಿಂದ 50,000ಕ್ಕೆ ವಿಮೆ ಮಾಡಿಸಿ, 40,000ದಷ್ಟು ಸುಟ್ಟುಹೋದರೆ, ಕೈಗೆ ಬರುವುದು 20,000 ಮಾತ್ರ. ಅರ್ಧ ಬೆಲೆಗೆ ವಿಮೆ ಮಾಡಿಸಿದವನು ಉಳಿದರ್ಧಕ್ಕೆ ತಾನೇ ವಿಮೆದಾರನೆಂದು ಎಣಿಕೆ. ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯು 1809ರಲ್ಲಿ ಸುಟ್ಟಾಗ ಅದರ ಒಡೆಯನೂ ಪ್ರಸಿದ್ಧ ನಾಟಕಕಾರನೂ ಆದ ಶೆರಿಡನ್ನನಿಗೆ ವಿಮೆಯಿತ್ತು. ಆದರೆ ಆ ಮೊತ್ತವು ನಷ್ಟದ ಸಣ್ಣದೊಂದು ಪಾಲು. ಆತನು ಮತ್ತೆ ತಲೆಯೆತ್ತಲಿಲ್ಲ.

ವೃತ್ತಿ ಮಂಡಲಿಗಳ ವೈಭವವು ತಗ್ಗಿದ ಮೇಲೂ ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಟಕವು ನಿಂತಿಲ್ಲ. ಹಬ್ಬ ಜಾತ್ರೆಗಳಲ್ಲಿ ಗ್ರಾಮಸ್ಥರೇ ಬಣ್ಣ ಹಚ್ಚಿ ‘ಕುರುಕ್ಷೇತ್ರ’ವೇ ಮೊದಲಾದ ಪೌರಾಣಿಕ ನಾಟಕಗಳನ್ನಾಡುವರು. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಪಾಠ ಹೇಳುವರು. ಪಾತ್ರಧಾರಿಗಳು ಪಾತ್ರಕ್ಕೆ ತಕ್ಕ ಹಣವನ್ನು ತಾವೇ ತೆರುವರು. ಸೀನರಿಯು ಬಾಡಿಗೆಗೆ ಬರುವುದು. ಇಲ್ಲಿ ಪರದೆ ಒಬ್ಬನದು, ಚಪ್ಪರ ಮತ್ತೊಬ್ಬನದು, ವಿದ್ಯುದ್ದೀಪದ ತಂತಿ ಮೂರನೆಯವನದು. ಅನಾಹುತವಾದರೆ ಹೊಣೆ ಯಾರದು? ತಮ್ಮ ತಮ್ಮ ವಸ್ತುಗಳಿಗೆ ಅವರವರು ವಿಮೆ ಮಾಡಿಸಬಹುದು. ಆದರೆ ನೆಲದ ಮೇಲೆ ಚಾಪೆ ಹಾಸಿ ಕುಳಿತ ಮಕ್ಕಳೂ ಮುದುಕರೂ ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ.

ಈ ಭಯವು ಕೇವಲ ಕಲ್ಪನೆಯಲ್ಲ. ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಮಂದಿ ಮಕ್ಕಳು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಮಂದಿ ಹೊಗೆಗೆ ಸಿಕ್ಕಿ ಸತ್ತರು. ಅವರ ಮನೆಯವರಿಗೆ ಸಲ್ಲಬೇಕಾದ ಪರಿಹಾರದ ಮೊತ್ತವನ್ನು ಸುಪ್ರೀಂ ಕೋರ್ಟು ನಿಷ್ಕರ್ಷಿಸಿದುದು 2011ರಲ್ಲಿ. 20 ವರ್ಷ ಮೀರಿದವರಿಗೆ 10 ಲಕ್ಷ, ಅದಕ್ಕಿಂತ ಕಿರಿಯರಿಗೆ 7.5 ಲಕ್ಷ. ನಡುವೆ ಕಳೆದುದು 14 ವರ್ಷ. ಹಣವು ಹೋದವರನ್ನು ತರಲಾರದು; ಆದರೆ ಉಳಿದವರು ಇಷ್ಟು ಕಾಲ ಕಚೇರಿಯ ಮೆಟ್ಟಿಲೇರುವಂತಾಗಬಾರದು.

ಸಾಮಾನ್ಯ ವಿಮೆಯು 1973ರಲ್ಲಿ ರಾಷ್ಟ್ರೀಕೃತವಾಯಿತು. ಅನಂತರ ಖಾಸಗಿ ಕಂಪನಿಗಳಿಗೂ ಈ ಕ್ಷೇತ್ರ ತೆರೆಯಿತು. ಈಗ ಸಾಮಗ್ರಿಗೆ ಅಗ್ನಿವಿಮೆ, ನಟರಿಗೂ ಕೆಲಸಗಾರರಿಗೂ ಅಪಘಾತವಿಮೆ, ಪ್ರೇಕ್ಷಕರಿಗಾಗುವ ಹಾನಿಗೆ ಸಾರ್ವಜನಿಕ ಹೊಣೆಯ ವಿಮೆ ಎಂಬ ಮೂರು ಬಗೆಯೂ ದೊರೆಯುವುವು. ಈ ಮೂರೂ ಬೇರೆ ಬೇರೆ; ಒಂದನ್ನು ಕೊಂಡವನಿಗೆ ಇನ್ನೊಂದು ತಾನಾಗಿ ಬಾರದು. ನಾಟಕದ ಖರ್ಚಿನ ಚೀಟಿಯಲ್ಲಿ ಶಾಮಿಯಾನ, ಸೀನರಿ, ದೀಪಗಳ ಬಾಡಿಗೆಯನ್ನು ಬರೆಯುವ ಗ್ರಾಮಸಮಿತಿಗಳು ಅದರ ಕೆಳಗೆ ವಿಮೆಯ ಕಂತನ್ನೂ ಒಂದು ಸಾಲಾಗಿ ಬರೆದುಕೊಳ್ಳತಕ್ಕದ್ದು. ಆ ಹಣವನ್ನು ಪಾತ್ರಧಾರಿಗಳೆಲ್ಲರೂ ಹಂಚಿಕೊಂಡರೆ ಒಬ್ಬೊಬ್ಬನಿಗೆ ತಗಲುವ ಪಾಲು ಭಾರವಾಗದು. ವಿದೂಷಕನನ್ನೂ ಭಟನನ್ನೂ ಮರೆಯದೆ ಪಟ್ಟಿಗೆ ಸೇರಿಸಿದ ಶಾಸ್ತ್ರಕಾರನ ದೃಷ್ಟಿ ಅದೇ ಆಗಿತ್ತು.