ವಿದ್ಯಾರ್ಥಿವೇತನಕ್ಕೂ ಒಂದು ಪರೀಕ್ಷೆ

ಬೆಳಗಾವಿಯ ಕೋಟೆ 1818ರಲ್ಲಿ ಇಂಗ್ಲಿಷರ ವಶವಾದ ಮೇಲೆ ಬೆಳೆದ ದಂಡು ಪ್ರದೇಶವೇ ಇಂದಿನ ಕ್ಯಾಂಪ್. ಅಲ್ಲಿ 1856ರಲ್ಲೇ ಸೇಂಟ್ ಪಾಲ್ಸ್ ಶಾಲೆ ತೆರೆಯಿತು. ಊರಿಗೆ 1933ರಲ್ಲಿ ಲಿಂಗರಾಜ ಕಾಲೇಜು ಬಂತು. ಖಾನಾಪುರದ ಹಳ್ಳಿಗಳಿಗೆ ಕಾಲೇಜೇನೋ ಹತ್ತಿರವಾಯಿತು, ಬಡವರಿಗೆ ಶುಲ್ಕ ಮಾತ್ರ ದೂರವೇ ಉಳಿಯಿತು.

ಪರಿಶಿಷ್ಟ ಜಾತಿಯವರಿಗೆ ಆ ದೂರ ತಗ್ಗಿಸಿದ್ದು 1944ರಲ್ಲಿ ಆರಂಭವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಇಂಥ ನೆರವು ಬೇಕೆಂದು ಡಾ. ಅಂಬೇಡ್ಕರರು 1942ರಲ್ಲೇ ವೈಸ್‌ರಾಯ್‌ಗೆ ಮನವಿ ಕೊಟ್ಟಿದ್ದರು. ವೇತನದ ಕರಾರು ಎಂದರೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬರೋಡಾ ಸಂಸ್ಥಾನದ ನೆರವಿನಿಂದ 1913ರಲ್ಲಿ ಅಮೆರಿಕೆಗೆ ಹೋದವರು, ನೆರವಿನ ಅವಧಿ ತೀರಿದ್ದರಿಂದ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು.

ಈ ವೇತನಕ್ಕೂ ಕರಾರುಗಳು ಬಂದವು. ಒಮ್ಮೆ ಮಂಜೂರಾದರೆ ಕೋರ್ಸು ಮುಗಿಯುವವರೆಗೆ ಸಿಗುತ್ತದೆ, ನಿಜ. ಆದರೆ ನವೀಕರಣ ವರ್ಷವರ್ಷವೂ ಆಗಬೇಕು. ಅದಕ್ಕೆ ಹಾಜರಿ, ನಡತೆ ಸರಿಯಿರಬೇಕು, ಮುಂದಿನ ತರಗತಿಗೆ ತೇರ್ಗಡೆಯಾಗಿರಬೇಕು. ಕಾಯಿಲೆಯಿಂದ ಪರೀಕ್ಷೆ ತಪ್ಪಿದವರನ್ನು ವೈದ್ಯರ ಪ್ರಮಾಣಪತ್ರ ಕಾಪಾಡುತ್ತಿತ್ತು. ಹಳೆಯ ನಿಯಮಾವಳಿಯಂತೆ ವೈದ್ಯಕೀಯ, ಇಂಜಿನಿಯರಿಂಗ್‌ನಂಥ ಕೋರ್ಸಿನವರು ಮೊದಲ ಸಲ ನಪಾಸಾದರೂ ವೇತನ ಮುಂದುವರಿಯಬಹುದಿತ್ತು. ಎರಡನೆಯ ಸಲವಾದರೆ ತೇರ್ಗಡೆಯಾಗುವವರೆಗೆ ಸ್ವಂತ ಖರ್ಚು. ಖಾನಾಪುರದಿಂದ ದಿನವೂ ರೈಲು ಹಿಡಿದು ಬರುವ ಬಿ.ಎ. ಹುಡುಗನಿಗೆ ಆ ಮೊದಲ ಮಾಫಿಯೂ ಇರಲಿಲ್ಲ. ಏಕೆ ಎಂಬುದಕ್ಕೆ ನಿಯಮಾವಳಿಯಲ್ಲಿ ಉತ್ತರವಿಲ್ಲ.