ಗೋವಿನಜೋಳದ ಸೀಮೆಯಲ್ಲಿ ಹೇಂಟೆಯ ಹೊಟ್ಟೆ

ತತ್ತಿ ಒಡೆದಾಗ ಒಳಗಿನ ಹಳದಿ ಕೇಸರಿಗೆ ತಿರುಗಿದ್ದರೆ ಅದು ‘ಸತ್ವದ ತತ್ತಿ’ ಎಂಬ ನಂಬಿಕೆ ಹಾವೇರಿ ಪೇಟೆಯಿಂದ ಹಳ್ಳಿಯ ಸಂತೆಯವರೆಗೂ ಹಬ್ಬಿದೆ. ಬಣ್ಣಕ್ಕೂ ಸತ್ವಕ್ಕೂ ಇರುವ ನಂಟು ತೀರ ತೆಳುವಾದದ್ದು. ಗೋವಿನಜೋಳ ನಿಲ್ಲಿಸಿ ಬಿಳಿಜೋಳ ಹಾಕಿದರೆ ಅದೇ ಕೋಳಿಯ ಹಳದಿ ಎರಡು ವಾರದಲ್ಲಿ ಪೇಲವವಾಗುತ್ತದೆ, ಪ್ರೋಟೀನು ಮಾತ್ರ ಇದ್ದಷ್ಟೇ ಇರುತ್ತದೆ. ಗೋವಿನಜೋಳದ ಜೊತೆಗೆ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಒಂದಿಷ್ಟು ಬೆರೆಸಿದರೆ ಕೇಸರಿ ಬಣ್ಣ ತಾನೇ ಬರುತ್ತದೆ. ಹಕ್ಕಿಗಳಿಗೆ ಖಾರ ಹತ್ತುವುದಿಲ್ಲವಾದ್ದರಿಂದ ಕೋಳಿಯ ತಕರಾರೂ ಇಲ್ಲ. ಮೂವತ್ತು ವರ್ಷ ಕೋಳಿ ಫೀಡ್ ಬೆರೆಸಿದವನು ನಾನು. ಬಣ್ಣದ ಬಗ್ಗೆ ಕೇಳಿದವರಿಗೆ ಲೆಕ್ಕವಿಲ್ಲ, ಸಿಪ್ಪೆಯ ಬಗ್ಗೆ ಕೇಳಿದವರು ಬೆರಳೆಣಿಕೆ.

ಊಟದ ಸತ್ವ ಅಳೆಯುವ ಈ ಶಾಸ್ತ್ರ ಶುರುವಾದದ್ದೇ ಕೋಳಿಯಿಂದ. 1890ರ ದಶಕದಲ್ಲಿ ಜಾವಾದಲ್ಲಿ ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಬಿದ್ದುಹೋದದ್ದನ್ನು ಡಚ್ ವೈದ್ಯ ಐಕ್ಮನ್ ಗಮನಿಸಿದರು. ಜೀವಸತ್ವಗಳ ಹುಡುಕಾಟ ಅಲ್ಲಿಂದ ಹೊರಟಿತು, 1929ರಲ್ಲಿ ಅವರಿಗೆ ನೊಬೆಲ್ ಬಂತು. 1944ರಲ್ಲಿ ಅಮೆರಿಕದವರು ಕೋಳಿಗೆ ಏನೇನು ಎಷ್ಟೆಷ್ಟು ಬೇಕೆಂಬ ಮೊದಲ ಪಟ್ಟಿ ಹೊರತಂದರು. ನಮ್ಮಲ್ಲಿ ಆಗ ಕೋಳಿಗೆ ಕೇರಿದ ನುಚ್ಚು, ತಿಪ್ಪೆಯ ಹುಳ, ಹೊಲದ ಗೆದ್ದಲು. ಆ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ತತ್ತಿ ಇಡುತ್ತಿತ್ತು. ಗೆದ್ದಲನ್ನು ಹೀಗಳೆಯಬೇಡಿ, ಕಾಳಿನಲ್ಲಿಲ್ಲದ ಪ್ರೋಟೀನು ಅದರಲ್ಲಿತ್ತು.

ನಂತರ ಬಂದದ್ದು ಲೆಗ್‌ಹಾರ್ನ್ ಕೋಳಿ, ಪಂಜರ, ಚೀಲದ ಫೀಡು. 1982ರಲ್ಲಿ ಕೋಳಿ ಉದ್ಯಮಿ ಬಿ.ವಿ. ರಾವ್ ಅವರ ಮುಂದಾಳುತನದಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿ ದರಕ್ಕೆ ಒಂದು ನೆಲೆ ಸಿಕ್ಕಿತು. ವರ್ಷಕ್ಕೆ 300 ತತ್ತಿ ಇಡುವ ಕೋಳಿ ಬಂದ ಮೇಲೆ ಫೀಡಿನ ಲೆಕ್ಕ ಗ್ರಾಂ, ಮಿಲಿಗ್ರಾಂಗೆ ಇಳಿಯಿತು. ದೊಡ್ಡ ಫಾರ್ಮಿನವರಿಗೆ ಅದನ್ನು ಹೇಳಿಕೊಡಲು ಕಂಪನಿಗಳೇ ಸಾಲುಗಟ್ಟಿ ನಿಂತವು.

ನನ್ನ ಕಾಲ ಶುರುವಾಗುವುದು 1989ರಿಂದ. ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಆ ವರ್ಷ ಗಿರಿರಾಜ ತಳಿಯನ್ನು ಬಿಡುಗಡೆ ಮಾಡಿದರು. ಹಿತ್ತಲಲ್ಲೇ ಮೇಯುತ್ತ ವರ್ಷಕ್ಕೆ 130ರಿಂದ 150 ತತ್ತಿ ಇಡುವ ಕೋಳಿ ಅದು. 2005ರಲ್ಲಿ ಬಂದ ಸ್ವರ್ಣಧಾರಾ ಇನ್ನೂ ಮುಂದೆ ಹೋಯಿತು. ತಳಿ ಹಳ್ಳಿಗೆ ಬಂತು, ತಳಿಯ ಊಟ ಬರಲಿಲ್ಲ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತಾಲ್ಲೂಕುಗಳಲ್ಲಿ ಮನೆ ಮುಂದೆಯೇ ಗೋವಿನಜೋಳದ ರಾಶಿ. ಕೋಳಿಗೂ ಅದೇ, ಮೂರು ಹೊತ್ತೂ ಅದೇ. ಲೆಕ್ಕ ಹಾಕಿ ನೋಡಿ. ತತ್ತಿಯಿಡುವ ಹೇಂಟೆ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ಅದಕ್ಕೆ ಬೇಕಾದ ಪ್ರೋಟೀನು 17 ಗ್ರಾಂ, 110 ಗ್ರಾಂ ಗೋವಿನಜೋಳದಲ್ಲಿರುವುದು ಒಂಬತ್ತು ಚಿಲ್ಲರೆ. ಅದರಲ್ಲೂ ಲೈಸಿನ್, ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲಗಳು ಕಮ್ಮಿ. ಕ್ಯಾಲ್ಸಿಯಂ ಕಥೆ ಇನ್ನೂ ಕೆಟ್ಟದ್ದು. ಒಂದು ಸಿಪ್ಪೆಗೆ ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಅಷ್ಟನ್ನೂ ಗೋವಿನಜೋಳವೇ ಕೊಡಬೇಕೆಂದರೆ ಕೋಳಿ ಒಂದೇ ದಿನಕ್ಕೆ ಆರು ಕಿಲೋಗೂ ಮಿಕ್ಕಿ ತಿನ್ನಬೇಕಾದೀತು! ತಿನ್ನಲಾರದ ಹೇಂಟೆ ತನ್ನ ಎಲುಬನ್ನೇ ಕರಗಿಸಿ ಸಿಪ್ಪೆ ಕಟ್ಟುತ್ತದೆ. ಒಂದು ದಿನ ಕುಂತಲ್ಲಿಂದ ಏಳುವುದಿಲ್ಲ. ‘ರೋಗ ಬಂತು’ ಅಂತಾರೆ.

ಪ್ರೋಟೀನಿಗೆಂದು ಮೊದಲು ಹಿಡಿದದ್ದು ಶೇಂಗಾ ಹಿಂಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಟರ್ಕಿ ಕೋಳಿ ಸತ್ತು ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಪತ್ತೆಯಾದದ್ದೂ ಶೇಂಗಾ ಹಿಂಡಿಯಿಂದಲೇ. ಹತ್ತಿಕಾಳಿನ ಹಿಂಡಿ ಅಗ್ಗವೆಂದು ಹಾಕಿದವರು, ಇಟ್ಟ ತತ್ತಿಯ ಹಳದಿ ಹಸಿರುಗಪ್ಪಾದಾಗ ಕೈಬಿಟ್ಟರು. ಕೊನೆಗೆ ನಿಂತದ್ದು ಸೋಯಾ ಹಿಂಡಿ. ಅದಕ್ಕೆ ಕಮ್ಮಿ ಬೀಳುವ ಮೆಥಿಯೋನಿನ್ ಒಂದನ್ನು ಬೆರೆಸಿದರಾಯಿತು. ಆದರೆ 2021ರಲ್ಲಿ ಸೋಯಾ ದರ ಏರಿ, ಕೇಂದ್ರವೇ ಕುಲಾಂತರಿ ಸೋಯಾ ಹಿಂಡಿ ತರಿಸಲು ಒಪ್ಪಿದಾಗ ಈ ಒಂಟಿ ಕಂಬದ ಬಲ ಎಷ್ಟೆಂದು ಗೊತ್ತಾಯಿತು.

ಸಿಪ್ಪೆಯ ವಿಷಯದಲ್ಲಿ, ಹಿತ್ತಲ ಕೋಳಿಗೆ ಫೀಡ್ ಬೆರೆಸುವ ನಮ್ಮಂಥವರು ಹೇಳುತ್ತ ಬಂದದ್ದು ಸಣ್ಣ ಮಾತು: ಸುಣ್ಣವನ್ನು ಫೀಡಿನಲ್ಲಿ ಕಲಸಬೇಡಿ, ಬೇರೆ ಬಟ್ಟಲಲ್ಲಿಡಿ. ಸಿಪ್ಪೆ ಕಟ್ಟಲು ಇಪ್ಪತ್ತು ತಾಸು ಬೇಕು, ಹೆಚ್ಚಿನ ಕೆಲಸ ನಡೆಯುವುದು ರಾತ್ರಿ, ಕೋಳಿ ಮಲಗಿದ್ದಾಗ. ನುಣ್ಣಗಿನ ಸುಣ್ಣಕಲ್ಲಿನ ಪುಡಿ ಅಷ್ಟರೊಳಗೆ ಹೊಟ್ಟೆಯಿಂದ ಜಾರಿರುತ್ತದೆ. ಕರಾವಳಿಯ ಚಿಪ್ಪಿನ ತರಿ ಕೋಳಿ ಗೂಡಿಗೆ ಹೋಗುವ ಮುಂಚೆ ಹೊಟ್ಟೆ ಸೇರಿದರೆ ರಾತ್ರಿಯಿಡೀ ನಿಧಾನ ಕರಗುತ್ತದೆ. ಸಂಜೆ ನಾಲ್ಕರ ಮೇಲೆ ಹೇಂಟೆ ತಾನಾಗಿ ಆ ಬಟ್ಟಲಿಗೆ ಹೋಗುತ್ತದೆ. ತತ್ತಿಯಿಡದ ಹುಂಜ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅಳತೆ ಕೋಳಿಗೇ ಗೊತ್ತು ಎಂದರೆ ಚೀಲ ಮಾರುವವರು ನಗುತ್ತಿದ್ದರು. ಈಗಲೂ ನಗುತ್ತಾರೆ.

ಹೊಸ ಅಧ್ಯಾಯ ಎಥೆನಾಲಿನದು. ಗೋವಿನಜೋಳದ ಪಿಷ್ಟವನ್ನು ಡಿಸ್ಟಿಲರಿಗಳು ತೆಗೆದುಕೊಂಡ ಮೇಲೆ ಉಳಿಯುವ ಒಣ ಚರಟ ಕೋಳಿ ಫೀಡಿಗೆ ಬರುತ್ತಿದೆ. ಪ್ರೋಟೀನು ಕಾಳಿನ ಮೂರು ಪಟ್ಟು, ಅಗ್ಗವೂ ಹೌದು. ಪಿಷ್ಟ ಹೋದ ಲೆಕ್ಕಕ್ಕೆ ಬೂಷ್ಟಿನ ವಿಷವೂ ಮೂರು ಪಟ್ಟಾಗುತ್ತದೆ. ಹಿಂಗಾರಿನ ಮಳೆಗೆ ಸಿಕ್ಕ ತೆನೆಯನ್ನು ರಸ್ತೆ ಮೇಲೆ ಒಣಗಿಸುವ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಚರಟದ ಬಗ್ಗೆ ಕಟ್ಟುಗಟ್ಟಲೆ ಪ್ರಬಂಧಗಳಿವೆ, ಪಂಜರದ ಕೋಳಿ ಮೇಲೆ ನಡೆದವು. ಹನ್ನೆರಡು ಕೋಳಿ ಸಾಕಿದ ಹೆಣ್ಣುಮಗಳು ಸಂತೆಯಲ್ಲಿ ಕೊಳ್ಳುವ ಕಿಲೋ ಫೀಡಿನಲ್ಲಿ ಏನಿದೆ ಎಂದು ಬರೆದ ಕನ್ನಡದ ಹಾಳೆ ನನ್ನ ಕಣ್ಣಿಗೆ ಬಿದ್ದಿಲ್ಲ.

2024ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ತತ್ತಿ. ನೂರೈವತ್ತು ಮಕ್ಕಳ ಶಾಲೆಯೆಂದರೆ ದಿನಕ್ಕೆ ಸಿಪ್ಪೆಯ 300 ಗ್ರಾಂ ಕ್ಯಾಲ್ಸಿಯಂ ತಿಪ್ಪೆಗೆ. ಬ್ಯಾಡಗಿ ತಾಲ್ಲೂಕಿನ ಒಂದೂರಲ್ಲಿ ಅಡುಗೆಯ ಅಕ್ಕ ಒಬ್ಬರು ಆ ಸಿಪ್ಪೆಯನ್ನು ಹೆಂಚಿನ ಮೇಲೆ ಹುರಿದು, ಒರಳಲ್ಲಿ ತರಿಯಾಗಿ ಕುಟ್ಟಿ, ತೆಂಗಿನ ಕರಟದಲ್ಲಿ ಹಿತ್ತಲಲ್ಲಿಡುವುದನ್ನು ಹೋದ ವರ್ಷ ಕಂಡೆ. ಯಾರು ಹೇಳಿಕೊಟ್ಟರು ಎಂದೆ. ‘ಯಾರ್ ಹೇಳ್ತಾರ್ರೀ, ಕೋಳಿ ಬಂದು ಕಸದಾಗ ಕುಕ್ಕತಿತ್ತು’ ಅಂದರು.