ಥೈರಾಕ್ಸಿನ್

ಕೊರಳಿನ ಮುಂಭಾಗದಲ್ಲಿರುವ ಥೈರಾಯಿಡ್ ಗ್ರಂಥಿಯಿಂದ ಸ್ರವಿಸಿ, ಜೀವಕೋಶಗಳ ಆಮ್ಲಜನಕ ಬಳಕೆಯನ್ನೂ ಉಷ್ಣೋತ್ಪಾದನೆಯನ್ನೂ, ತನ್ಮೂಲಕ ದೇಹದ ತೂಕವನ್ನೂ ಪ್ರಭಾವಿಸುವ ಹಾರ್ಮೋನು. 1914ರಲ್ಲಿ ಎಡ್ವರ್ಡ್ ಕೆಂಡಾಲ್ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದನು. ಇದರ ನ್ಯೂನತೆಯಿಂದ ಚಯಾಪಚಯವು ಮಂದವಾಗಿ, ಮೈಯಲ್ಲಿ ನೀರೂ ಲವಣವೂ ನಿಂತು, ಮಿತಾಹಾರಿಗೂ ತೂಕವೇರುವುದುಂಟು. ಆದರೆ ಈ ಏರಿಕೆಯು ಸಾಮಾನ್ಯವಾಗಿ ಅಲ್ಪವಾದುದರಿಂದ, ಅತಿಸ್ಥೌಲ್ಯವನ್ನೆಲ್ಲ ಇದೊಂದರ ಮೇಲೆಯೇ ಹೊರಿಸುವುದು ಯುಕ್ತವಲ್ಲ. ಗ್ರಂಥಿಯು ಸ್ವಸ್ಥವಾಗಿರುವವರು ಕೇವಲ ಕೃಶರಾಗಲೆಂದು ಇದರ ಮಾತ್ರೆಗಳನ್ನು ಸೇವಿಸಿದರೆ, ಸ್ನಾಯುಗಳು ಕ್ಷಯಿಸಿ ಹೃದಯದ ಲಯವೇ ಕೆಡುವ ಭಯವಿರುವುದರಿಂದ, ಆ ಪದ್ಧತಿಯು ಸರ್ವಥಾ ತ್ಯಾಜ್ಯ. ಇದರ ರಚನೆಗೆ ಅಯೋಡಿನ್ ಅವಶ್ಯಕ. ಕಡಲಿನಿಂದ ದೂರವಿರುವ ತಿರುಪ್ಪೂರು ಜಿಲ್ಲೆಯ ಕುನ್ನತ್ತೂರಿನಂಥ ಊರುಗಳಿಗೂ ಅದು ಮುಖ್ಯವಾಗಿ, 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಪ್ರಚುರಪಡಿಸಿದ ಅಯೋಡಿನ್‌ಯುಕ್ತ ಉಪ್ಪಿನಿಂದಲೇ ಒದಗತಕ್ಕದ್ದು.